ಸೇತುವೆ ತೆರೆದ ದಿನ

ಬಸ್ಸಿನ ಕೀ ಕಾಣೆಯಾಗಿದೆ ಎಂದು ಡ್ರೈವರ್ ಬೊಬ್ಬೆ ಹಾಕಿದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ನೆಮ್ಮದಿಯಾಗಿ ಬಾಯಿ ಮುಕ್ಕಳಿಸಲೂ ಬಿಡದ ಜನ!

ಯುದ್ಧ ನಿಂತಿತ್ತು. ಮನೆ ಬಿಟ್ಟು ಓಡಿಬಂದವರು ಈ ಶಾಲೆಯಲ್ಲಿ ಹಗ್ಗಕ್ಕೆ ಬೆಡ್‌ಶೀಟ್ ಇಳಿಬಿಟ್ಟು, ಅದನ್ನೇ ಗೋಡೆ ಅಂದುಕೊಂಡು ಬದುಕಿದ್ದರು. ಕಾವಲಿಗಿದ್ದ ಸಬ್ ಇನ್‌ಸ್ಪೆಕ್ಟರ್ ನಾನು. ಇವತ್ತು ಅವರೆಲ್ಲ ಊರಿಗೆ ಮರಳಬೇಕು. ಸೇನೆಯವರು ಹೊಳೆಯ ಸೇತುವೆ ತೆರೆದಿರುವುದು ಸಂಜೆಯವರೆಗೆ ಮಾತ್ರ. ಮತ್ತೆ ಯಾವಾಗಲೋ, ಯಾರಿಗೂ ಗೊತ್ತಿಲ್ಲ.

"ಕೀ ಎಲ್ಲಿಟ್ಟಿದ್ದೆ?"

"ಅಡುಗೆಮನೆ ಮೊಳೆಗೆ ನೇತು ಹಾಕಿದ್ದೆ ಮೇಡಂ. ಈಗ ನೋಡಿದ್ರೆ ಇಲ್ಲ."

"ಅದಿಲ್ದೆ ಓಡಿಸಕ್ಕಾಗಲ್ವಾ?"

"ಸ್ಟೇರಿಂಗ್ ಲಾಕ್ ಆಗಿದೆ. ಮೆಕ್ಯಾನಿಕ್ ಬರೋದು ನಾಳೆನೇ."

ಗಂಟು ಕಟ್ಟಿ ಕೂತಿದ್ದ ಅಜ್ಜಿಯೊಬ್ಬಳು ನನ್ನ ಕೈ ಹಿಡಿದುಕೊಂಡಳು. "ಆ ದಡದಲ್ಲಿ ನನ್ನ ಮಗ ಕಾಯ್ತಿರ್ತಾನಮ್ಮ. ಹೇಗಾದ್ರೂ ಮಾಡಿ ಹುಡುಕಿಕೊಡು ತಾಯಿ."

*

ಎಲ್ಲರ ಕಣ್ಣು ಬಿದ್ದದ್ದು ಅಡುಗೆಯವನ ಮೇಲೆ. ಕ್ಯಾಂಪ್ ಮುಚ್ಚಿದರೆ ಅವನ ಕೆಲಸ ಹೋಗುತ್ತದೆ. ಮೊಳೆಯೂ ಅವನದೇ.

"ನಂಗೇನು ಗೊತ್ತು? ಬೇಕಾದ್ರೆ ಜೇಬು ನೋಡಿ" ಎಂದು ಸಿಡುಕಿದ.

ಜೇಬು ಬಿಟ್ಟು ಅಡುಗೆಮನೆ ನೋಡಿದೆ. ಹಂಡೆಗಳನ್ನು ಬೆಳಗಿ ಬೋರಲು ಹಾಕಿದ್ದ. ಒಲೆ ತಣ್ಣಗಿತ್ತು. ಉಳಿದ ಸಾಮಾನೆಲ್ಲ ಮೂಟೆ ಸೇರಿತ್ತು.

"ಮಧ್ಯಾಹ್ನದ ಊಟಕ್ಕೆ?"

"ಅಷ್ಟೊತ್ತಿಗೆ ಇವರು ಊರು ಸೇರಿರ್ತಾರೆ ಅಂದ್ಕೊಂಡಿದ್ದೆ! ಈಗ ಇಷ್ಟು ಜನಕ್ಕೆ ಏನು ಬಡಿಸ್ಲಿ? ನನ್ನ ತಲೆನಾ?"

ಆಗ ಹೊಳೆಯಿತು. ಬಸ್ ಹೋಗುವುದಿಲ್ಲ ಎಂದು ಗೊತ್ತಿದ್ದವನು ಒಲೆ ಆರಿಸಿ ಕೂರುವುದಿಲ್ಲ. ನಾನು ಹುಡುಕಬೇಕಾದದ್ದು, ಇಲ್ಲೇ ಉಳಿಯಲು ತಯಾರಾದವರನ್ನು.

*

ಹಿತ್ತಲಿನ ತಂತಿಯ ಮೇಲೆ ಒಂದೇ ಒಂದು ಕಂಬಳಿ. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಇಲ್ಲಿ ಹಂಚಿದ ಕಂಬಳಿಗಳೆಲ್ಲ ಒಂದೇ ಬಣ್ಣ. ಅದಲುಬದಲಾಗದಿರಲಿ ಎಂದು ಮೂಲೆಯಲ್ಲಿ ಒಬ್ಬೊಬ್ಬರು ಒಂದೊಂದು ಬಣ್ಣದ ದಾರ ಹೊಲಿದುಕೊಂಡಿದ್ದರು. ಇದರಲ್ಲಿ ಹಸಿರು ದಾರ. ಕ್ಯಾಂಪಿನವರ ಹರಿದ ಬಟ್ಟೆಯನ್ನೆಲ್ಲ ಹೊಲಿದುಕೊಡುತ್ತಿದ್ದ ಟೈಲರಮ್ಮನದು.

ಅಂಗಳದಲ್ಲಿ ಎಲ್ಲರೆದುರೇ ಕೇಳಿದೆ. "ಟೈಲರಮ್ಮ, ಕಂಬಳಿ ಯಾವಾಗ ಒಗೆದ್ರಿ?"

"ಬೆಳಗಿನ ಜಾವ ನೀರಿನ ಟ್ಯಾಂಕರ್ ಬಂದಾಗ. ನೀರು ಸಿಕ್ಕಾಗ್ಲೇ ಒಗೆದುಬಿಡಬೇಕಲ್ವಾ ಮೇಡಂ?"

ಅದು ಕ್ಯಾಂಪಿನವರ ಮೈಗಂಟಿದ ಅಭ್ಯಾಸ. ಅದೇ ಅವಳನ್ನು ಹಿಡಿದುಕೊಟ್ಟಿತ್ತು.

"ಟ್ಯಾಂಕರ್ ಬಂದು ಹೋದಮೇಲೆ ಡ್ರೈವರ್ ಕೀ ಹುಡುಕಿದ್ದು. ಅಲ್ಲೀವರೆಗೂ ಎಲ್ಲರೂ ಬಸ್ ಹೊರಡುತ್ತೆ ಅಂತ್ಲೇ ಗಂಟು ಕಟ್ತಿದ್ರು. ಇಷ್ಟು ದಪ್ಪದ ಕಂಬಳಿ ಒಣಗೋಕೆ ಪೂರ್ತಿ ದಿನ ಬೇಕು. ಊರಿಗೆ ಹೊರಟೋರು ಅದನ್ನ ನೆನೆಸ್ತಾರಾ? ಬಸ್ ಹೋಗಲ್ಲ ಅಂತ ನಿಮಗೊಬ್ಬರಿಗೇ ಗೊತ್ತಿತ್ತು."

ಅವಳು ಹೊಲಿಗೆ ಡಬ್ಬಿಯಿಂದ ಕೀ ತೆಗೆದುಕೊಟ್ಟಳು.

"ಯಾಕಮ್ಮ ಹೀಗೆ ಮಾಡಿದ್ರಿ?"

"ಊರಲ್ಲಿ ಮನೆ ಗಟ್ಟಿಯಾಗೇ ಇದೆಯಂತೆ. ಮನೇಲಿದ್ದೋರು ಯಾರೂ ಉಳಿದಿಲ್ಲ ಮೇಡಂ. ಇಲ್ಲಾದ್ರೆ ಬೆಡ್‌ಶೀಟ್ ಆಚೆ ಅಜ್ಜಿ ಕೆಮ್ಮೋದಾದ್ರೂ ಕೇಳ್ಸುತ್ತೆ. ಸೇತುವೆ ಮುಚ್ಚಿಬಿಟ್ರೆ ಎಲ್ಲರೂ ಇಲ್ಲೇ ಇರ್ತಾರಲ್ಲ ಅಂತ..."

"ನನ್ನ ಮಗ ಕಾಯ್ತಾ ಕೂತಿರ್ಲಿ ಅಂತಾನಾ?" ಅಜ್ಜಿ ಗಂಟು ಎತ್ತಿಕೊಳ್ಳುತ್ತ ಕೇಳಿದಳು. ಟೈಲರಮ್ಮ ತಲೆ ತಗ್ಗಿಸಿದಳು. ಅಜ್ಜಿ ಅವಳ ಮುಖ ನೋಡದೆ ಬಸ್ ಹತ್ತಿದಳು.

ಕೇಸ್ ಹಾಕಬಹುದಿತ್ತು. ಹಾಕಲಿಲ್ಲ. ಬಾಯಿಗೆ ಬಂದಂತೆ ಬೈದು ಅವಳನ್ನೂ ಹತ್ತಿಸಿದೆ. ಪಕ್ಕದಲ್ಲಿ ಯಾರೂ ಕೂರದಿದ್ದಾಗ ನಾನೇ ಕೂತೆ.

*

ಸೇತುವೆ ದಾಟಿದ್ದೇ ತಡ, ಅಜ್ಜಿಯ ಮಗ ಓಡಿಬಂದು ತಾಯಿಯನ್ನು ಮಗುವಿನಂತೆ ಎತ್ತಿಕೊಂಡ. ದಾರಿಯುದ್ದಕ್ಕೂ ಒಬ್ಬೊಬ್ಬರೇ ಇಳಿದರು. ಕೊನೆಗೆ ಉಳಿದವಳು ಟೈಲರಮ್ಮ. ಬಾಗಿಲವರೆಗೆ ಬಿಟ್ಟುಬರೋಣವೆಂದು ಜೊತೆಗೆ ಹೋದೆ.

ಮನೆ ನಿಜಕ್ಕೂ ಗಟ್ಟಿಯಾಗಿತ್ತು. ಕಿಟಕಿಯ ಗಾಜು ಕೂಡ ಒಡೆದಿರಲಿಲ್ಲ. ಗೂಟದಲ್ಲಿ ಗಂಡಸಿನ ಅಂಗಿಯೊಂದು ಧೂಳು ಹಿಡಿದು ತೂಗುತ್ತಿತ್ತು. ಅವಳು ಕೈಯಿಂದಲೇ ಕುರ್ಚಿ ಒರೆಸಿದಳು.

"ಸ್ವಲ್ಪ ಹೊತ್ತು ಕೂತ್ಕೊಳ್ತೀರಾ?"

ಟೋಪಿ ತೆಗೆದಿಟ್ಟು ಕೂತೆ. ನನ್ನ ಬಾಡಿಗೆ ಕೋಣೆಯಲ್ಲೂ ಯಾರೂ ಕಾಯುವವರಿಲ್ಲ ಎಂದು ಹೇಳೋಣ ಅನ್ನಿಸಿತು. ಹೇಳಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಕೇಳಿಸದವಳಂತೆ ಕೂತೇ ಇದ್ದೆ. ಅವನು ಮತ್ತೆ ಹೊಡೆದ.

ಅವಳೇ ಎದ್ದು ಟೋಪಿಯನ್ನು ನನ್ನ ಕೈಗಿಟ್ಟಳು.

"ಹೊರಡಿ ಮೇಡಂ. ಸೇತುವೆ ಮುಚ್ಚಿಬಿಡುತ್ತೆ."