ಹೊಟ್ಟೆ ತುಂಬಿದ್ದು ಯಾರಿಗೆ ಗೊತ್ತು?

"ಬ್ಯಾಡ ಅಂದೆ ಅಲ್ವೇನ್ರೀ! ಎಷ್ಟ್ ಸತಿ ಹೇಳ್ಬೇಕು ನಿಮ್ಗೆ?!"

ಪಂಕ್ತಿಯಲ್ಲಿ ಕೂತಿದ್ದವರೆಲ್ಲ ತುತ್ತು ಕೈಯಲ್ಲೇ ಹಿಡಿದುಕೊಂಡು ತಿರುಗಿ ನೋಡಿದರು.

ಬೀಗರ ಊಟದಲ್ಲಿ ಹೀಗೆ ಕಿರುಚುವುದುಂಟೇ? ಕನಕಪುರದ ಆ ಕಲ್ಯಾಣ ಮಂಟಪದಲ್ಲಿ ಅವತ್ತು ಬಡಿಸುವವರದ್ದೇ ದರ್ಬಾರು. ಗಂಡಿನ ಕಡೆಯವರು ಸೊಂಟಕ್ಕೆ ಟವೆಲ್ ಬಿಗಿದು, ಬೇಡ ಅಂದವರ ಎಲೆಗೇ ಹುಡುಕಿ ಹುಡುಕಿ ಮುದ್ದೆ ಹಾಕುತ್ತಿದ್ದರು. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಮಟನ್ ಸಾರು! ಅದು ಪ್ರೀತಿಯಂತೆ, ಮರ್ಯಾದೆಯಂತೆ...

ಸಾತನೂರಿನ ಪುಟ್ಟಹೊನ್ನಮ್ಮ, ಮನೆಯವರ ಬಾಯಲ್ಲಿ ಹೊನ್ನಿ, ಎರಡೂ ಕೈ ಅಡ್ಡ ಹಿಡಿದಿದ್ದಳು. ಆದರೂ ಆ ಉದ್ದನೆಯ ಆಸಾಮಿ ಎಲೆಯ ಮೂಲೆಗೆ ಇನ್ನೊಂದು ಮುದ್ದೆ ಇಳಿಸಿಯೇ ಬಿಟ್ಟಿದ್ದ.

"ಒಂದೇ ಒಂದು ಕಣ್ರೀ..." ಎಂದ ಅವನು ಪೆಚ್ಚಾಗಿ.

"ಮೊದ್ಲು ಮೂರ್ ಮುದ್ದೆ ಹೊಡೀತಿದ್ಲು, ಈಗ ನಾಚ್ಕೆ ನೋಡು!" ಪಕ್ಕದ ಎಲೆಯ ಸೋದರಮಾವ ಗಂಗಹನುಮಯ್ಯ ನಕ್ಕ. "ಒಸಿ ತಿನ್ನವ್ವ. ಎಲೇಲಿ ಬುಟ್ಟು ಎದ್ರೆ ಬೀಗ್ರು ಬೇಜಾರ್ ಮಾಡ್ಕತ್ತಾರೆ."

ಎಲ್ಲರೂ ನಕ್ಕರು. ಹೊನ್ನಿ ಸಿಟ್ಟಿನಿಂದಲೇ ಎರಡು ತುತ್ತು ನುಂಗಿದಳು. ಎರಡೇ ಎರಡು! ಎದೆಗೂಡಿನ ಕೆಳಗೆ ಯಾರೋ ಮುಷ್ಟಿಯಿಟ್ಟು ಒತ್ತಿದ ಹಾಗಾಯಿತು. ಬಾಯಲ್ಲಿ ನೀರು ತುಂಬಿತು. ಎದೆ ಹಿಡಿದುಕೊಂಡು ಎದ್ದವಳೇ ಮಂಟಪದ ಹಿಂದಿನ ನಲ್ಲಿಯ ಕಡೆ ಓಡಿದಳು.

ಎಲ್ಲ ಕಕ್ಕಿ, ಕಣ್ಣೊರೆಸಿಕೊಂಡು, ನಲ್ಲಿಗೆ ಬೊಗಸೆ ಒಡ್ಡಿದಾಗ ಹಿಂದಿನಿಂದ ದನಿ ಬಂತು.

"ಬಾಯ್ ಮುಕ್ಕಳಿಸಿ ಉಗುದ್ಬುಡಿ. ಈಗ್ಲೇ ಕುಡೀಬ್ಯಾಡಿ, ಅರ್ಧ ಗಂಟೆ ಆಗ್ಲಿ."

ಅದೇ ಆಸಾಮಿ! ಬೈಯಲೆಂದು ತಿರುಗಿದವಳು ಹಾಗೇ ನಿಂತಳು. ಊಟವಾದ ಅರ್ಧ ಗಂಟೆ ನೀರು ಕುಡಿಯಬಾರದು ಅನ್ನುವುದು ಆಸ್ಪತ್ರೆಯವರು ಅವಳಿಗೆ ಬರೆದುಕೊಟ್ಟಿದ್ದ ಮಾತು. ಇವನಿಗೆ ಹೇಗೆ ಗೊತ್ತು?

"ನಿಮ್ದು ಸ್ಲೀವಾ, ಬೈಪಾಸಾ?" ದನಿ ತಗ್ಗಿಸಿ ಕೇಳಿದ. "ನಂದು ಬೈಪಾಸು. ಶುಗರ್ ವಿಪರೀತ ಇತ್ತು, ಹೊಟ್ಟೆ ಆಪರೇಷನ್ ಮಾಡ್ಸಿ ಎರಡ್ ವರ್ಷ ಆಯ್ತು. ನೀವು ಎದೆ ಹಿಡ್ಕಂಡು ಎದ್ರಲ್ಲ, ಆಗ ತಿಳೀತು. ಬಡಿಸಿದ್ದು ನಂದೇ ತಪ್ಪು."

ಅವಳ ಕೋಪ ಎಲ್ಲಿ ಹೋಯಿತೋ! ಏಳು ತಿಂಗಳಿಂದ ಹೊರಗಿನವರಿಗೆ ಯಾರಿಗೂ ಹೇಳದ ಮಾತು ಬಾಯಿಂದ ಬಂದುಬಿಟ್ಟಿತು.

"ಸ್ಲೀವು... ಯಾರ್ಗೂ ಹೇಳ್ಬ್ಯಾಡಿ. ನಿಮ್ ದಮ್ಮಯ್ಯ."

ಅವನ ಹೆಸರು ರೇವಣಸಿದ್ಧ. ರಾಮನಗರದವನು, ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಹೊನ್ನಿ ದಿನವೂ ಸರ್ಕಾರಿ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋಗಿ ಗೊಂಬೆಗಳಿಗೆ ಅರಗಿನ ಬಣ್ಣ ಹಾಕುವವಳು. ಆಪರೇಷನ್ನಿಗೆ ಮೊದಲು ನೂರ ಹದಿನೆಂಟು ಕೆಜಿ ಇದ್ದಳು. ತೂಕ ಇಳಿಸಲೆಂದು ಹೊಟ್ಟೆಯ ಮುಕ್ಕಾಲು ಪಾಲು ತೆಗೆಸಿಕೊಂಡದ್ದನ್ನು ಊರಿಗೆಲ್ಲ "ಹರ್ನಿಯಾ" ಎಂದು ನಂಬಿಸಿದ್ದು ಅವಳ ಅವ್ವ ಮುನಿರತ್ನಮ್ಮ. "ಹೊಟ್ಟೆ ಕುಯ್ಸ್ಕಂಡೋಳು ಅಂತ ಗೊತ್ತಾದ್ರೆ ಯಾವ ಗಂಡು ಬಂದಾನು?" ಎಂಬ ಭಯ ಆ ತಾಯಿಗೆ.

ಅಲ್ಲಾ, ಹೊಟ್ಟೆ ತುಂಬುವುದು ಅಂದರೇನು ಅಂತ ಮೂವತ್ತು ವರ್ಷದ ಹೆಣ್ಣಿಗೆ ಯಾರಾದರೂ ಹೇಳಿಕೊಡಬೇಕೇ? ಹೊನ್ನಿಗೆ ಹೇಳಿಕೊಡಬೇಕಾಗಿತ್ತು! ಮೊದಲೆಲ್ಲ ಹೊಟ್ಟೆ ತುಂಬಿದರೆ ಗೋಡೆಗೊರಗಿ, ತೇಗಿ, ಕಣ್ಣು ಮುಚ್ಚುವ ಸುಖ. ಈಗ ಅದು ಹೊಟ್ಟೆಯಲ್ಲೇ ಇಲ್ಲ, ಎದೆಯಲ್ಲೆಲ್ಲೋ. ಮೂರನೇ ತುತ್ತಿಗೆ ಏನೂ ಅನಿಸುವುದಿಲ್ಲ, ಐದನೆಯದಕ್ಕೆ ನರಕ. ನಡುವೆ ಒಂದು ಸುಳಿವು ಬರಬೇಕಲ್ಲ, ಆ ಹಾಳಾದ ಸುಳಿವು ಅವಳ ಕೈಗೆ ಸಿಕ್ಕುತ್ತಲೇ ಇರಲಿಲ್ಲ. ತಟ್ಟೆ ಕಂಡರೆ ಸಿಟ್ಟು, ಬಡಿಸುವವರನ್ನು ಕಂಡರೆ ಇನ್ನೂ ಸಿಟ್ಟು.

"ಹೊಟ್ಟೆ ತುಂಬ್ತು ಅಂದ್ರೆ ನಂಗೆ ಸೀನು ಬತ್ತದೆ," ಬೀಗರ ಊಟದ ದಿನವೇ ಅವಳ ನಂಬರು ಪಡೆದಿದ್ದ ರೇವಣಸಿದ್ಧ ಒಂದು ದಿನ ಫೋನಿನಲ್ಲಿ ಹೇಳಿದ. "ಮೂಗು ಸೋರ್ತದೆ, ಆಮೇಲೆ ಒಂದ್ ಸೀನು. ತಕ್ಷಣ ಕೈ ತೊಳ್ಕಂಡ್ಬುಡ್ತೀನಿ. ನೀವೂ ನೋಡ್ಕಳಿ."

ಹೊನ್ನಿ ನಕ್ಕಳು. ಊಟದ ಮಾತಿಗೆ ಅವಳು ನಕ್ಕು ಎಷ್ಟು ದಿನವಾಗಿತ್ತೋ! ಅವತ್ತಿನಿಂದ ಸೀನಿಗಾಗಿ ಕಾದಳು.

ಬರಲಿಲ್ಲ. ಬದಲಿಗೆ ಒಂದು ಬಿಕ್ಕಳಿಕೆ ಬರುತ್ತಿತ್ತು, ಎಡಭುಜ ಸಣ್ಣಗೆ ನೋಯುತ್ತಿತ್ತು. ಅದನ್ನು ಲೆಕ್ಕಕ್ಕೇ ಹಿಡಿಯದೆ ಇನ್ನೊಂದು ತುತ್ತು ನುಂಗಿ ಒದ್ದಾಡುತ್ತಿದ್ದಳು. 'ಅವರಿಗೆ ಬರುತ್ತೆ, ನನಗ್ಯಾಕೆ ಬರಲ್ಲ? ನನ್ನ ಆಪರೇಷನ್ನೇ ಕೆಟ್ಟು ಹೋಗಿದೆಯಾ?'

"ಸೀನು ಬತ್ತಾ ಐತಾ?" ಎಂದು ಅವನು ಕೇಳಿದರೆ ಮಾತ್ರ "ಹೂಂ" ಅಂದುಬಿಡುತ್ತಿದ್ದಳು. ಅವನ ಹಾಗೇ ಇರಬೇಕೆಂಬ ಆಸೆ ಅವಳಿಗೆ. ಹೌದು, ಅಷ್ಟು ಹೊತ್ತಿಗೆ ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಅವನಿಗೂ ಆಗಿತ್ತು.

"ಅವ್ವನ್ನ ಕರ್ಕಂಡು ಭಾನುವಾರ ನಿಮ್ಮನೇಗೆ ಬತ್ತೀನಿ," ಎಂದ ಒಂದು ದಿನ.

ಹೊನ್ನಿಗೆ ಕುಣಿಯುವಷ್ಟು ಖುಷಿ! ಆದರೆ ಬಾಯಿಂದ ಬಂದದ್ದು ಬೇರೆ ಮಾತು. "ಆಪರೇಷನ್ ಅನ್ನೋ ಮಾತೇ ನಮ್ಮನೇಲಿ ಎತ್ತಬ್ಯಾಡಿ. ನಿಮ್ದೂ ಹೇಳ್ಬ್ಯಾಡಿ. ನಿಮ್ದು ಗೊತ್ತಾದ್ರೆ ನಮ್ಮಾವ ನಂದೂ ಕೆದಕ್ತಾನೆ. ನಿಮ್ಮವ್ವಂಗೂ ನನ್ ವಿಷ್ಯ ಬ್ಯಾಡ. ಮಾತು ಕೊಡಿ."

ಅವನು ಮನಸ್ಸಿಲ್ಲದೆಯೇ ಮಾತು ಕೊಟ್ಟ.

ಭಾನುವಾರ ಬಾಡಿಗೆ ಕಾರಿನಲ್ಲಿ ಬಂದರು. ಅವನ ತಾಯಿ ಹನುಮಂತಮ್ಮ ಹೊನ್ನಿಯನ್ನು ಒಳಗೆ ಪಕ್ಕದಲ್ಲೇ ಕೂರಿಸಿಕೊಂಡು ಊಟಕ್ಕೆ ಕೂತರು. "ನೀನು ತಿಂದ್ರೇನೇ ನಾನು ತಿನ್ನೋದು," ಎಂದರು. ಹೊನ್ನಿ ಸೀನಿಗೆ ಕಾಯುತ್ತಾ ಒಂದೊಂದೇ ತುತ್ತು ಇಳಿಸಿದಳು. ನಡುವೆ ಎದ್ದು, ತಾನೇ ಬೆಳಗ್ಗೆಯಿಂದ ಬೇಯಿಸಿದ್ದ ಕಾಯಿ ಹೋಳಿಗೆ ಹಿಡಿದು ಹೊರಗೆ ಗಂಡಸರ ಪಂಕ್ತಿಗೆ ಬಂದಳು.

"ಸಿಹಿ ನಂಗಾಗಲ್ಲ..." ಅವನು ಮೆಲ್ಲಗೆ ಹೇಳಿದ.

ಹಳೇ ಶುಗರಿನ ಪಥ್ಯ ಅಂದುಕೊಂಡಳು. ಅವಳಿಗೇನೋ ಸಿಹಿ ಸಲೀಸಾಗಿ ಇಳಿಯುತ್ತಿತ್ತು. ಒಂದು ದಿನಕ್ಕೆ ಏನಾದೀತು?

"ಒಂದೇ ಒಂದು... ನಾನೇ ಮಾಡಿದ್ದು."

ಅವನು ಅವಳ ಮುಖ ನೋಡಿದ. ಎಲೆಯ ಮೇಲಿದ್ದ ಕೈ ತೆಗೆದ. ಬಡಿಸಿದಳು, ತುಪ್ಪವನ್ನೂ ಸುರಿದಳು. ಗಂಗಹನುಮಯ್ಯ "ಇನ್ನೊಂದು ಹಾಕವ್ವ!" ಎಂದು ಕೂಗಿದ. ಅದನ್ನೂ ಹಾಕಿದಳು.

ಒಳಗೆ ಬಂದು ಇನ್ನೆರಡು ತುತ್ತು ತಿಂದಿದ್ದೇ ತಡ, ಅದೇ ಮುಷ್ಟಿ, ಅದೇ ಬಾಯಿ ನೀರು. ಹಿತ್ತಲಿಗೆ ಓಡಿದಳು. ಕಕ್ಕಿ, ಸುಧಾರಿಸಿಕೊಂಡು, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಕಾರು ಹೊರಟೇ ಹೋಗಿತ್ತು! ಒಂದು ಮಾತಿಲ್ಲ. ಹೋಗಿ ಬರುತ್ತೇವೆ ಅಂತಲೂ ಇಲ್ಲ.

"ಬೆವ್ರು ಒರೆಸ್ಕಂಡು ಎದ್ದೋನೇ, ನಡಿಯವ್ವ ಹೋಗಾನ ಅಂದ್ಬುಟ್ಟ," ಗಂಗಹನುಮಯ್ಯ ಸಿಡುಕಿದ. "ನೀನು ವಾಂತಿ ಮಾಡಿದ್ದು ಕೇಳಿಸ್ತಲ್ಲ, ಅಸಹ್ಯ ಪಟ್ಕಂಡಿರ್ತಾನೆ."

ಹೊನ್ನಿಗೆ ಮೈಯೆಲ್ಲ ಉರಿದುಹೋಯಿತು. 'ಎಲ್ಲ ಗೊತ್ತಿದ್ದವನು! ಅವನ ಸೀನು ನಂಬಿಕೊಂಡೇ ತಾನೇ ನಾನು ಹೀಗಾಗಿದ್ದು! ಅವನೂ ಓಡಿಹೋದನೇ?' "ಇನ್ನು ಫೋನ್ ಮಾಡಬೇಡಿ" ಎಂದು ಒಂದು ಮೆಸೇಜ್ ಹಾಕಿ ನಂಬರನ್ನೇ ಬ್ಲಾಕ್ ಮಾಡಿದಳು. ಆಮೇಲೆ ಹನ್ನೊಂದು ದಿನ ಅತ್ತಳು, ಸಿಟ್ಟಾದಳು, ಮತ್ತೆ ಅತ್ತಳು.

ಹನ್ನೆರಡನೇ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಚೆಕಪ್ಪು. ಆಹಾರ ತಜ್ಞೆ ಮೇಡಂ ಕೇಳಿದರು: "ಹೊಟ್ಟೆ ತುಂಬಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತೇ ಆಗಲ್ಲ ಮೇಡಂ! ಸೀನು ಬರಬೇಕಂತೆ, ಬರ್ತಾನೇ ಇಲ್ಲ."

"ಯಾರು ಹೇಳಿದ್ದು?"

"ಬೈಪಾಸ್ ಆದೋರೊಬ್ರು..."

ಮೇಡಂ ನಕ್ಕುಬಿಟ್ಟರು. "ಅವರ ಹೊಟ್ಟೆ ಬೇರೆ, ನಿಮ್ಮದು ಬೇರೆ ಅಮ್ಮ. ಅವರದ್ದು ಮೊಟ್ಟೆಯಷ್ಟು ಚೀಲ ಮಾಡಿ ನೇರ ಕರುಳಿಗೆ ಸೇರಿಸಿರ್ತಾರೆ. ನಿಮ್ಮದು ಉದ್ದಕ್ಕೆ ಬಾಳೆಹಣ್ಣಿನ ಹಾಗಿರೋ ಕೊಳವೆ, ತುಂಬಿದರೆ ಮೇಲಕ್ಕೆ ಒತ್ತುತ್ತೆ. ಅವರವರ ಮೈ ಅವರವರಿಗೆ ಸೂಚನೆ ಕೊಡುತ್ತೆ. ನಿಮಗೆ ಬಿಕ್ಕಳಿಕೆ, ಭುಜದ ನೋವು ಏನಾದರೂ?"

"ಬರ್ತದೆ..."

"ಅದೇ ನಿಮ್ಮ ಸೂಚನೆ. ಅಲ್ಲಿಗೇ ನಿಲ್ಲಿಸಿ. ಮತ್ತೆ ಸಿಹಿ ಸುಲಭವಾಗಿ ಇಳಿಯುತ್ತೆ ಅಂತ ಜಾಸ್ತಿ ತಿನ್ನಬೇಡಿ. ನಿಮಗೇನೋ ಇಳಿಯುತ್ತೆ. ಬೈಪಾಸ್ ಆದವರಲ್ಲಿ ತುಂಬ ಜನಕ್ಕೆ ಎರಡು ಹೋಳಿಗೆ ಸಾಕು, ಬೆವರು ಕಿತ್ತುಕೊಂಡು, ಎದೆ ಡವಡವ ಅಂತ ಮಲಗಿಬಿಡ್ತಾರೆ."

ಹೊನ್ನಿಗೆ ಸೋದರಮಾವನ ಮಾತು ನೆನಪಾಯಿತು.

ಬೆವರು ಒರೆಸಿಕೊಂಡು ಎದ್ದ... ಅಯ್ಯೋ! ಬೇಡ ಅಂದಿದ್ದ. ಬೇಡ ಅಂದವನ ಎಲೆಗೆ ತಾನೇ ಬಡಿಸಿದ್ದಳು! ಯಾರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತೋ, ತಾನೂ ಅವರ ಹಾಗೇ ನಿಂತು ಒಂದೇ ಒಂದು ಅಂದಿದ್ದಳು. ಕಾಯಿಲೆ ಅಂತ ಬಾಯಿಬಿಟ್ಟು ಹೇಳಲೂ ಆಗದ ಹಾಗೆ ಅವನ ಬಾಯನ್ನೂ ಕಟ್ಟಿಹಾಕಿದ್ದಳು.

ಊರಿಗೆ ಹೋಗಲಿಲ್ಲ. ರಾಮನಗರದಲ್ಲೇ ಬಸ್ಸಿಳಿದು, ವಿಳಾಸ ಕೇಳಿಕೊಂಡು ಅವನ ಮನೆ ಬಾಗಿಲು ತಟ್ಟಿದಳು.

ಹನುಮಂತಮ್ಮ ಬಾಗಿಲಲ್ಲೇ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಏನವ್ವ, ಇನ್ನೂ ಏನಾದ್ರೂ ತಿನ್ಸೋದು ಉಳ್ಕಂಡೈತಾ? ಕೆಂಗಲ್ ದಾಟೋವರ್ಗೂ ನನ್ ಮಗ ಕಾರಲ್ಲಿ ಹೆಣದಂಗೆ ಬಿದ್ದಿದ್ದ. ಸಿಹಿ ಆಗಲ್ಲ ಅನ್ನಲಿಲ್ವಾ ಅವ್ನು?"

"ಅಂದ್ರು. ನಾನೇ ಕೇಳಲಿಲ್ಲ." ಹೊನ್ನಿ ಹೊಸ್ತಿಲಾಚೆಯೇ ನಿಂತು ಹೇಳಿದಳು. "ಅಮ್ಮ, ನಮ್ಮವ್ವ ಎಲ್ರಿಗೂ ಹೇಳೋ ಹಂಗೆ ನಂಗೆ ಆಗಿದ್ದು ಹರ್ನಿಯಾ ಅಲ್ಲ. ನಂಗೂ ನಿಮ್ ಮಗಂಗೆ ಆದಂಗೆ ಹೊಟ್ಟೆ ಆಪರೇಷನ್ ಆಗೈತೆ. ಅವತ್ತು ನಿಮ್ ಪಕ್ಕದಿಂದ ಎದ್ದು ಓಡಿದ್ದು ಅದ್ಕೇ. ಹೇಳ್ಬ್ಯಾಡಿ ಅಂತ ಅವರ ಕೈಲಿ ಮಾತು ಇಸ್ಕಂಡಿದ್ದೆ."

ಹನುಮಂತಮ್ಮ ಹಣೆಗೆ ಕೈ ಹಚ್ಚಿದರು. "ಹೇಳಿದ್ರೆ ಏನಾಯ್ತಿತ್ತು? ನನ್ ಮಗನೂ ಕುಯ್ಸ್ಕಂಡೌನೆ ಕಣವ್ವ!"

"ಗಂಡಸ್ರು ಕುಯ್ಸ್ಕಂಡ್ರೆ ಯಾರೂ ಏನೂ ಅನ್ನಲ್ಲ ಅಮ್ಮ. ಹೆಣ್ಣಾದ್ರೆ ಮಕ್ಳಾಗ್ತವಾ, ಮನೆ ಕೆಲ್ಸ ಮಾಡ್ತಾಳಾ ಅಂತ ಶುರುವಾಗ್ತದೆ."

ಆ ತಾಯಿ ಬಾಗಿಲಿಂದ ಪಕ್ಕಕ್ಕೆ ಸರಿದರು. "ನಾನೂ ಹಂಗೇ ಕೇಳ್ತಿದ್ನೋ ಏನೋ. ಒಳಗೆ ಬಾ. ನಿಮ್ಮಾವಂಗೆ ಯಾರು ಹೇಳೋದು ಇದ್ನ?"

"ನಾನೇ ಹೇಳ್ತೀನಿ."

ಮೂರೂವರೆಗೆ ಶಿಫ್ಟು ಮುಗಿಸಿ ಬಂದ ರೇವಣಸಿದ್ಧ ನಡುಮನೆಯಲ್ಲಿ ಅವಳನ್ನು ಕಂಡು ಚಪ್ಪಲಿ ಬಿಡುವುದನ್ನೇ ಮರೆತ. ಹನುಮಂತಮ್ಮ ಅಡುಗೆಮನೆಗೆ ಎದ್ದುಹೋದರು.

"ಯಾಕ್ರೀ ತಿಂದ್ರಿ?!" ಹೊನ್ನಿ ಜಗಳಕ್ಕೇ ಬಿದ್ದಳು. ಕಣ್ಣಲ್ಲಿ ನೀರು ಬೇರೆ. "ಸಾಯೋ ಹಂಗಾಗ್ತದೆ ಅಂತ ಗೊತ್ತಿದ್ದೂ ಯಾಕ್ ತಿಂದ್ರಿ?"

"ನೀವು ಬಡಿಸಿದ್ರಿ."

"ನಾನು ವಿಷ ಬಡಿಸಿದ್ರೂ ತಿಂತೀರಾ? ನಿಮ್ಗೆ ಬುದ್ಧಿ ಐತಾ?"

"ನೀವು ಸೀನು ಬರ್ದೇ ಇದ್ರೂ ಹೂಂ ಹೂಂ ಅಂದ್ರಲ್ಲ, ಅದು ಬುದ್ಧಿನಾ?"

ಅವಳು ಬೆಚ್ಚಿದಳು. "ನಿಮ್ಗೆ ಹೆಂಗೆ ಗೊತ್ತು?"

"ಅವತ್ತು ನೀವು ಕಕ್ಕಿದ್ದು ಕೇಳಿ ಅನುಮಾನ ಬಂತು, ಆಮೇಲೆ ನಂ ಡಾಕ್ಟ್ರನ್ನ ಕೇಳ್ದೆ, ಸ್ಲೀವ್ ಆದೋರ್ಗೆ ಸೂಚನೆ ಬ್ಯಾರೆ ಅಂದ್ರು. ಇಬ್ರುದೂ ಒಂದೇ ಅಂತ ನಿಮ್ಗೆ ಹೇಳ್ಕೊಟ್ಟೆ, ನಂಗೇ ಗೊತ್ತಿರ್ನಿಲ್ಲ. ಹೇಳಾನ ಅಂದ್ರೆ ಬ್ಲಾಕ್ ಮಾಡ್ಬುಟ್ಟಿದ್ರಿ." ಅವನು ಈಗ ಚಪ್ಪಲಿ ಬಿಟ್ಟು ಅವಳೆದುರು ಕೂತ. "ನನ್ ಮಾತು ಕೇಳಿ ನೀವು ಒದ್ದಾಡಿದ್ರಲ್ಲ ಹೊನ್ನಿ... ಅದು ಆ ಹೋಳಿಗೆಗಿಂತ ಜಾಸ್ತಿ ಸಂಕಟ ಆಯ್ತು."

ಮೊದಲ ಸಲ ಅವನು ಹೊನ್ನಿ ಅಂದಿದ್ದ. ಅವಳ ಸಿಟ್ಟು ಅಳುವಾಯಿತು.

"ಮದ್ವೇಲಿ ಬೂವದ ಊಟಕ್ಕೆ ಇಬ್ರನ್ನೂ ಒಂದೇ ತಟ್ಟೆಗೆ ಕೂರಿಸ್ತಾರೆ," ಎಂದಳು ಮೂಗೊರೆಸಿಕೊಳ್ಳುತ್ತಾ. "ಎಲ್ರೂ ಸುತ್ತ ನಿಂತ್ಕಂಡು ತಿನ್ನಿ ತಿನ್ನಿ ಅಂತಾರೆ."

"ಅನ್ಲಿ. ನಿಮ್ದು ನೀವು ಹೇಳಿ, ನಂದು ನಾನು ಹೇಳ್ತೀನಿ. ಸುಳ್ಳು ಮಾತ್ರ ಬ್ಯಾಡ." ಅವನು ತಡವರಿಸಿದ. "ಅಂದ್ರೆ... ಮದ್ವೆಗೆ ಒಪ್ಪಿದ್ರಾ?"

ಹೊನ್ನಿ ಅವನ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡ, ಸಾಕು... ಬರೀ ಇವೆರಡೇ ಮಾತು ಆಡಿ ಆಡಿ ಸುಸ್ತಾಗೋಗೈತೆ ಕಣ್ರೀ ನಂಗೆ. ನೀವು ಬೇಕು."

"ಒಸಿನಾ?" ನಗುತ್ತಾ ಕೇಳಿದ, ಕಣ್ಣು ಮಾತ್ರ ತುಂಬಿತ್ತು.

"ಪೂರ್ತಿ!"