ಅವಳಿಲ್ಲದಾಗಿನ ಬಿಪಿ

ಊರಿಗೆಲ್ಲ ಅವಳು ಸಿಸ್ಟರ್. ಆರೋಗ್ಯ ಕೇಂದ್ರದ ಗೋಡೆಗೆ ಅಕ್ಷರ ಬರೆಯಲು ಬಂದ ಪೇಂಟರ್ ಮಾತ್ರ ಮೊದಲ ದಿನದಿಂದಲೇ ‘ಮೇಡಂ’ ಎಂದ. ಕಸ ಗುಡಿಸುವ ಆಯಾಳ ಕಿವಿಗೆ ಇಂಥವು ತಪ್ಪುವುದೇ ಇಲ್ಲ.

ಅವನು ಏಣಿ ಹತ್ತಿ ಬರೆಯುತ್ತಿದ್ದದ್ದು ಇಷ್ಟು: ‘ಬಿಪಿ ಇದ್ದರೂ ಗೊತ್ತಾಗುವುದಿಲ್ಲ. ತಪಾಸಣೆ ಮಾಡಿಸಿ.’ ಅವಳು ಕೆಳಗೆ ನಿಂತು ಓದಿ, “ಬರೆಯೋರು ಮಾಡಿಸಿದ್ದಾರಾ?” ಎಂದಳು.

“ನಂಗೇನಾಗಿದೆ ಮೇಡಂ? ಗುಂಡುಕಲ್ಲಿನ ಹಾಗಿದ್ದೀನಿ.”

“ಆ ಕಲ್ಲು ಸ್ವಲ್ಪ ಕೆಳಗಿಳೀಲಿ, ನೋಡೋಣ.”

ಇಳಿದು ಬಂದ. ಅಂಗಿಯ ತೋಳು ಮಡಚಿ ಕುಳಿತ. ಮೊಣಕೈವರೆಗೂ ನೀಲಿ ಬಣ್ಣ. ಅವಳು ಪಟ್ಟಿ ಸುತ್ತುವಾಗ ಅವನು ಮಷೀನನ್ನು ನೋಡಲಿಲ್ಲ, ಅವಳ ಕಿವಿಯ ಹಿಂದಿನಿಂದ ಜಾರಿ ಬಂದ ಕೂದಲನ್ನೇ ನೋಡುತ್ತಿದ್ದ. ನೂರ ಅರವತ್ತು, ನೂರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೂ ಅಷ್ಟೇ.

“ಸಿಸ್ಟರ್ ಕೈ ಹಿಡಿದ್ರೆ ಯಾರಿಗೆ ತಾನೇ ಏರಲ್ಲ!” ಎಂದು ಆಯಾ ಪೊರಕೆ ನಿಲ್ಲಿಸಿ ನಕ್ಕಳು. ಅವನ ಮುಖ ಕೆಂಪಾಯಿತು. ಅವಳದೂ.

ಗೋಡೆಯ ಕೆಲಸ ಮುಗಿದ ಮೇಲೂ ಅವನು ವಾರ ವಾರ ಬಂದ. ಒಂದು ಸಲ ಯಾವುದೋ ಒತ್ತಕ್ಷರ ಸರಿಬಂದಿಲ್ಲ ಎಂದ, ಇನ್ನೊಂದು ಸಲ ಬಣ್ಣ ಮಾಸಿದೆ ಎಂದ. ಒತ್ತಕ್ಷರ ಮುತ್ತಿನ ಹಾಗಿತ್ತು, ಅದು ಅವಳಿಗೂ ಗೊತ್ತಿತ್ತು.

“ಮಾತಾಡ್ಬೇಡಿ, ಏರುತ್ತೆ.”

“ಸುಮ್ನಿದ್ರೂ ಏರುತ್ತಲ್ಲ ಮೇಡಂ. ಏನ್ಮಾಡ್ಲಿ?”

“ಆ ಕಡೆ ನೋಡಿ.”

“ಆ ಕಡೆ ಏನಿದೆ ನೋಡೋಕೆ?”

ಪ್ರತಿಸಲವೂ ಹೆಚ್ಚೇ ಬರುತ್ತಿತ್ತು. ಹೀಗೆ ಪದೇ ಪದೇ ಹೆಚ್ಚು ಬಂದವರನ್ನು ಡಾಕ್ಟರ ಕೋಣೆಗೆ ಕಳಿಸಬೇಕು, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಳಿಸಲಿಲ್ಲ. ಸುಳ್ಳೇಕೆ ಹೇಳುವುದು, ಅವನ ಬಿಪಿ ಏರಿದಷ್ಟೂ ಅವಳಿಗೆ ಒಳಗೊಳಗೇ ಹಿತವಾಗುತ್ತಿತ್ತು.

ಒಂದು ಬೆಳಿಗ್ಗೆ ಸ್ಟ್ರೋಕ್ ಆಗಿ ಮಲಗಿದ್ದವರೊಬ್ಬರ ಮನೆಗೆ ಹೋಗಿ ಬೆನ್ನಿನ ಹುಣ್ಣಿಗೆ ಡ್ರೆಸಿಂಗ್ ಮಾಡಬೇಕಿತ್ತು. ಆ ಬೀದಿಯ ನರ್ಸ್ ರಜೆಯಲ್ಲಿದ್ದರಿಂದ ಇವಳು ಹೋದಳು. ಕಿಟಕಿಯ ಮೇಲೆ ಡಬ್ಬಿ ತುಂಬ ಒಣಗಿದ ಬ್ರಷ್‌ಗಳು. ಮಂಚದ ಮೇಲಿನವರ ಬಲಗೈ ಯಾರೋ ಇಟ್ಟು ಮರೆತ ವಸ್ತುವಿನಂತೆ ದಿಂಬಿನ ಮೇಲಿತ್ತು. ಹೆಂಡತಿ ಅವರ ಶರ್ಟಿನ ಗುಂಡಿ ಬಿಚ್ಚುತ್ತ ಹೇಳಿದರು:

“ಇವರೂ ಪೇಂಟರ್ರೇ ಕಣಮ್ಮ. ಏಣಿ ಮೇಲಿಂದ ಬಿದ್ರು. ಬಿದ್ದಿದ್ದಕ್ಕೆ ಹೀಗಾಯ್ತು ಅಂತ ನಾವಂದ್ಕೊಂಡ್ವಿ. ಹೀಗಾಗಿದ್ದಕ್ಕೇ ಬಿದ್ದಿದ್ದು ಅಂದ್ರು ಡಾಕ್ಟ್ರು. ಬಿಪಿ ಇತ್ತಂತೆ. ಯಾರಿಗೆ ಗೊತ್ತಿತ್ತು? ಗುಂಡುಕಲ್ಲಿನ ಹಾಗಿದ್ರು. ನನ್ನ ಮಗನಿಗೆ ಈಗಿರೋ ವಯಸ್ಸು ಆಗ.”

ಬಿಸಿನೀರು ಹಿಡಿದು ಒಳಗೆ ಬಂದ ಮಗ ಅವನೇ, ಕೇಂದ್ರದ ಗೋಡೆಗೆ ಬರೆದವನು. ಅವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಅಂದು ಇಬ್ಬರೂ ಕಣ್ಣೆತ್ತಿ ನೋಡಲಿಲ್ಲ.

ಕೇಂದ್ರಕ್ಕೆ ಮರಳಿದವಳೇ ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಡಾಕ್ಟರಮ್ಮ ದನಿ ಏರಿಸುವವರಲ್ಲ. “ಇಷ್ಟು ವಾರ ಯಾಕೆ ಕಳಿಸ್ಲಿಲ್ಲ?” ಎಂದಷ್ಟೇ ಕೇಳಿದರು. ಆಮೇಲೆ ಅವರೇ ಹೇಳಿದರು:

“ಕೆಲವರಿಗೆ ಇಲ್ಲಿಗೆ ಬಂದ್ರೆ ಏರುತ್ತೆ, ನಿಜ. ಅದಕ್ಕೇ ಮನೇಲೂ ನೋಡ್ಬೇಕು. ಮಷೀನ್ ಕೊಟ್ಟು ಕಳಿಸಿ. ಒಂದು ವಾರ ನೋಡ್ಕೊಳ್ಲಿ. ನೀವಿಲ್ಲದಾಗ.”

ಮಷೀನನ್ನು ಆಯಾಳ ಕೈಲಿ ಅವನ ಮನೆಗೆ ಕಳಿಸಿದಳು. ಆ ವಾರ ಅವಳಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಕಡಿಮೆ ಬರಲಿ, ಏರುವುದೆಲ್ಲ ನನ್ನಿಂದಲೇ ಆಗಿರಲಿ ಎಂದು ಬೇಡಿಕೊಂಡಳು. ವಾರ ಕಳೆದರೂ ಅವನು ಬರಲಿಲ್ಲ. ಆಯಾಳ ಹತ್ತಿರ ವಿಚಾರಿಸಿ, ಅವನು ಅಕ್ಷರ ಬರೆಯುತ್ತಿದ್ದ ಅಂಗಡಿಗೆ ತಾನೇ ಹೋದಳು.

“ಇಳೀರಿ ಕೆಳಗೆ.”

ಇಳಿದು, ಚೀಲದಿಂದ ಮಷೀನ್ ತೆಗೆದುಕೊಟ್ಟ. ಅವಳು ಬಟನ್ ಒತ್ತುತ್ತ ಹೋದಳು. ಹಳೆಯ ಅಂಕಿಗಳು ಒಂದೊಂದಾಗಿ ಬಂದವು. ಎಲ್ಲವೂ ಹೆಚ್ಚು.

“ನೀವಿಲ್ದಾಗ್ಲೂ ಅಷ್ಟೇ ಮೇಡಂ.”

ಮೊದಲು ಅವಳಿಗೆ ಮೋಸ ಹೋದಂತೆನಿಸಿತು. ಎಂಥ ಹುಚ್ಚು! ಮರುಕ್ಷಣವೇ ದಿಂಬಿನ ಮೇಲಿದ್ದ ಆ ಬಲಗೈ ನೆನಪಾಯಿತು.

“ಇನ್ಮೇಲೆ ನಾನು ಆ ಕಡೆ ಬರಲ್ಲ,” ಎಂದ. “ಬೇರೆ ಎಲ್ಲಾದ್ರೂ ತೋರಿಸ್ಕೋತೀನಿ. ಅಮ್ಮನ್ನ ನೋಡಿದ್ರಲ್ಲ? ಅಪ್ಪನ ಶರ್ಟಿಗೆ ಗುಂಡಿ ಹಾಕ್ತಾನೇ ಕೂದಲೆಲ್ಲ ಬೆಳ್ಳಗಾಯ್ತು. ನಿಮಗ್ಯಾಕೆ ಅಂಥ ಬಾಳು?”

“ನಂಗ್ಯಾಕೆ ಅಂತ ನಾನು ಕೇಳಿದ್ನಾ?” ಎಂದಳು. “ಮೊದಲೇ ನಿಮ್ಮನ್ನ ಡಾಕ್ಟ್ರ ಹತ್ರ ಕಳಿಸ್ಬೇಕಿತ್ತು. ಕಳಿಸ್ಲಿಲ್ಲ. ನನ್ನ ನೋಡಿ ಏರುತ್ತೆ ಅಂತ ಖುಷಿಪಡ್ತಾ ಕೂತೆ. ಅಷ್ಟರಲ್ಲಿ ನಿಮ್ಮ ಕೈ ಬಿದ್ದುಹೋಗಿದ್ರೆ?” ನಡುಬೀದಿಯಲ್ಲಿ ಅಳುವೇ ಬಂದುಬಿಟ್ಟಿತು.

ಅವನು ಅವಳನ್ನೇ ನೋಡಿದ. “ಅಂದ್ರೆ... ನಿಮಗೆ ಖುಷಿ ಆಗ್ತಿತ್ತಾ?”

“ಇಷ್ಟೆಲ್ಲ ಹೇಳಿದ್ರಲ್ಲಿ ಅದೊಂದೇ ಕೇಳಿಸ್ತಾ?”

“ಬೇರೇದು ಮನೇಲಿ ದಿನಾ ನೋಡ್ತೀನಲ್ಲ ಮೇಡಂ.”

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ನಿಮ್ಮಮ್ಮಂಗೆ ಯಾರೂ ಮುಂಚೆ ಹೇಳ್ಲಿಲ್ಲ. ನಂಗೆ ಮುಂಚೇನೇ ಗೊತ್ತಾಗಿದೆ. ದಿನಾ ಮಾತ್ರೆ, ಉಪ್ಪು ಕಮ್ಮಿ, ಸಿಗರೇಟು ಬಂದ್.”

“ಎಷ್ಟು ದಿನ?”

“ಜೀವ ಇರೋ ತನಕ.”

“ಅಷ್ಟು ದಿನ ನೆನಪು ಮಾಡೋರು ಯಾರು?”

“ನಾನಿದ್ದೀನಲ್ಲ.”

ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವನ ಮುಖದಲ್ಲಿ ನಗು ಬಂದಷ್ಟೇ ಬೇಗ ಅಳಿಸಿಹೋಯಿತು.

“ಮಾತ್ರೆ ನುಂಗಿದ್ಮೇಲೂ ಕೈ ಬಿದ್ರೆ?”

ಹಾಗೇನೂ ಆಗುವುದಿಲ್ಲ ಎಂದು ರೋಗಿಗಳಿಗೆ ಹೇಳುವುದು ಅವಳಿಗೆ ಅಭ್ಯಾಸವಿತ್ತು. ಅವನಿಗೆ ಹಾಗೆ ಹೇಳಲು ಮನಸ್ಸು ಬರಲಿಲ್ಲ.

“ಬಿದ್ರೆ ಗುಂಡಿ ಹಾಕ್ತೀನಿ. ಬೈಕೊಂಡೇ ಹಾಕ್ತೀನಿ, ತಿಳ್ಕೊಳ್ಳಿ. ಈಗ ನಡೀರಿ, ಡಾಕ್ಟ್ರು ಹೊರಟುಬಿಡ್ತಾರೆ.”

ಅವನು ಬ್ರಷ್ ತೊಳೆದು ಡಬ್ಬಿ ಮುಚ್ಚಿದ. ಅಂಗಡಿಯವನು “ಅರ್ಧಕ್ಕೇ ಬಿಟ್ಟೆಯಲ್ಲೋ!” ಎಂದು ಕೂಗಿದ್ದಕ್ಕೆ ತಿರುಗಿ ನೋಡಲಿಲ್ಲ. ತಿರುವಿನಲ್ಲಿ ಬಲಗೈಯಿಂದ ಅವಳ ಕೈ ಹಿಡಿದುಕೊಂಡ. ಬಣ್ಣ ಇನ್ನೂ ಹಸಿಯಿತ್ತು. ಹಿಡಿತ ಗಟ್ಟಿಯಾಗಿದೆಯೇ ಎಂದು ಅವಳು ಮೊದಲು ನರ್ಸಾಗಿ ನೋಡಿಕೊಂಡಳು. ಆಮೇಲೆ ಅದನ್ನೂ ಬಿಟ್ಟು, ಸುಮ್ಮನೆ ಕೈ ಕೊಟ್ಟು ನಡೆದಳು.