ಹಾಳೆಯಲ್ಲಿ ತುಂಬಿದ ಕೊಡ

ಬಹಳ ಕಾಲದ ಹಿಂದೆ, ಶಿಲಾವತಿ ಎಂಬ ರಾಜ್ಯದಲ್ಲಿ ಚಿತ್ರಗಳು ನಡೆದಾಡುತ್ತಿದ್ದವು. ಒಂದೇ ಚಿತ್ರವನ್ನು ಚೂರುಚೂರೇ ಬದಲಿಸುತ್ತ ನೂರು ಹಾಳೆಗಳಲ್ಲಿ ಬರೆದು, ಆ ಕಟ್ಟನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಕುದುರೆ ಓಡುತ್ತಿತ್ತು, ನವಿಲು ಕುಣಿಯುತ್ತಿತ್ತು. ಆ ಕಲೆಯಲ್ಲಿ ಹೆಸರಾದವಳು ವಾರಿಜೆ. ಕೈ ನಡುಗೀತೆಂದು ಆ ನಾಡಿನ ಚಿತ್ರಕಾರರು ಭಾರ ಎತ್ತುವಂತಿರಲಿಲ್ಲ. ವಾರಿಜೆ ಒಂದು ಕೊಡ ನೀರನ್ನೂ ಹೊತ್ತವಳಲ್ಲ. ಎಲ್ಲವನ್ನೂ ಅವಳ ತಾಯಿ ಗಿರಿಜವ್ವ ಹೊರುತ್ತಿದ್ದಳು.

ಒಂದು ಮಧ್ಯಾಹ್ನ ತೂಲಕೇತು ಎಂಬ ಮಾಂತ್ರಿಕ ಮೋಡವೇರಿ ಬಂದು, ನಾಡಿನ ತೂಕವನ್ನೆಲ್ಲ ಒಂದೇ ಉಸಿರಿಗೆ ಹೀರಿಕೊಂಡ. ಬೀಸುಕಲ್ಲುಗಳು ಸೂರಿಗೆ ತಾಗಿದವು. ದನಗಳು ಮರದ ತುದಿಗೆ ಸಿಕ್ಕಿಕೊಂಡವು. ರಾಜ ಅರಮನೆಯ ಕಂಬ ತಬ್ಬಿ ತಲೆಕೆಳಗಾಗಿ ತೇಲಿದ. ವಾರಿಜೆ ತನ್ನನ್ನು ಸೆರಗಿನಿಂದ ಬಾವಿಕಟ್ಟೆಯ ಕಂಬಕ್ಕೆ ಬಿಗಿದುಕೊಂಡು, ಮೇಲೇರುತ್ತಿದ್ದ ತಾಯಿಯ ಸೊಂಟಕ್ಕೆ ಹೇಗೋ ಬಾವಿಯ ಹಗ್ಗ ಕಟ್ಟಿದಳು.

“ಅಯ್ಯಾ, ನಮ್ಮ ತೂಕ ಕೊಟ್ಟುಬಿಡು!” ಎಂದು ವಾರಿಜೆ ಮಾಂತ್ರಿಕನಿಗೆ ಕೂಗಿ ಹೇಳಿದಳು.

“ನಿನ್ನ ಹಾಳೆಯಲ್ಲಿ ತೂಕ ತೋರಿಸು,” ಎಂದು ಮಾಂತ್ರಿಕ ನಕ್ಕ. “ನಾನು ನಂಬಿದರೆ ಎಲ್ಲವೂ ಹಿಂದಿರುಗೀತು. ಮೂರು ಅವಕಾಶ. ಆ ಹಗ್ಗಕ್ಕೂ ಮೂರೇ ಎಳೆ. ಸೋತಾಗಲೆಲ್ಲ ಒಂದು ಕಡಿಯುತ್ತದೆ.”

ವಾರಿಜೆ ಹೆಗಲ ಚೀಲದಿಂದ ಹಾಳೆ, ಕುಂಚ ತೆಗೆದು, ಬೀಳುವ ಕಬ್ಬಿಣದ ಗುಂಡನ್ನು ಬರೆದಳು. ಹಾಳೆಯಿಂದ ಹಾಳೆಗೆ ಗುಂಡು ಎಷ್ಟು ಇಳಿಯಬೇಕೆಂದು ಕಡ್ಡಿಯಿಟ್ಟು ಅಳೆದು, ಎಲ್ಲಕ್ಕೂ ಒಂದೇ ಅಂತರ ಕೊಟ್ಟಳು.

“ಇದು ನೂಲು ಹಿಡಿದು ಇಳಿಯುವ ಜೇಡ!” ಎಂದ ಮಾಂತ್ರಿಕ. ಒಂದೆಳೆ ಕಡಿಯಿತು.

“ಅವ್ವಾ!”

“ಕೂಗಬೇಡ. ನೆಟ್ಟಗೆ ಕೂತು ಬರಿ,” ಎಂದಳು ಗಿರಿಜವ್ವ ಮೇಲಿನಿಂದ. “ಬೀಳುವುದು ಮೊದಲು ನಿಧಾನ, ಆಮೇಲೆ ಜೋರು. ಅಷ್ಟೂ ಗೊತ್ತಿಲ್ಲವೆ?”

ವಾರಿಜೆ ಆನೆಯನ್ನು ಬರೆದಳು. ಚರ್ಮದ ಸುಕ್ಕು, ಹಣೆಯ ಪಟ್ಟಿ, ಗಂಟೆಯ ಸರಪಳಿ ಒಂದನ್ನೂ ಬಿಡಲಿಲ್ಲ.

“ಬೆಂಡಿನ ಆನೆ! ಕಾಲೂರಿದಾಗ ಮೈ ತಗ್ಗಲೇ ಇಲ್ಲ!” ಎರಡನೆಯ ಎಳೆಯೂ ಕಡಿಯಿತು.

ಉಳಿದ ಎಳೆ ಕಿರಕಿರನೆ ನರಳುತ್ತಿತ್ತು. ನೋಡಿ ಬರೆಯೋಣವೆಂದರೆ ನಾಡಿನಲ್ಲಿ ಭಾರವಾದದ್ದು ಒಂದೂ ಉಳಿದಿರಲಿಲ್ಲ.

“ಅವ್ವಾ, ಭಾರ ಅಂದರೆ ಹೇಗಿರುತ್ತದೆ?”

“ನನ್ನನ್ನು ಕೇಳುತ್ತೀಯಾ? ಇಷ್ಟು ವರ್ಷ ಕಿಟಕಿಯ ಪಕ್ಕದಲ್ಲೇ ಕೂತಿದ್ದೆಯಲ್ಲ, ಏನು ನೋಡುತ್ತಿದ್ದೆ?”

ವಾರಿಜೆ ಕಣ್ಣು ಮುಚ್ಚಿದಳು. ಕಿಟಕಿಯಾಚೆ ತಾಯಿ ನೀರು ಹೊರುತ್ತಿದ್ದಳು. ಕಣ್ಣು ತೆರೆದು ಅದನ್ನೇ ಬರೆದಳು. ಮೊದಲ ಹಾಳೆಗಳಲ್ಲಿ ಬರೀ ಸಿದ್ಧತೆ: ಸೆರಗು ಸಿಕ್ಕಿಸುವುದು, ಕಾಲು ಅಗಲಿಸುವುದು, ಮಂಡಿ ಬಗ್ಗಿಸುವುದು. ಮುಂದಿನ ಹಾಳೆಗಳಲ್ಲಿ ಹೆಗಲು ಮೇಲೆದ್ದಿತು, ಕೊಡ ಅಲ್ಲೇ ಕೂತಿತ್ತು. ಆಮೇಲೆ ಕೊಡ ಮೆಲ್ಲಗೆ ಮೇಲೆದ್ದು ಸೊಂಟ ಸೇರಿತು. ಮೈ ಆಚೆಗೆ ವಾಲಿತು. ಪ್ರತಿ ಹೆಜ್ಜೆಗೂ ಮಂಡಿ ಕುಸಿದು, ತಡವಾಗಿ ಎದ್ದಿತು. ಗೆರೆಗಳು ಒರಟಾಗಿದ್ದವು, ತಿದ್ದಲು ಹೊತ್ತಿರಲಿಲ್ಲ.

ಅವಳು ಹಾಳೆ ಬಿಟ್ಟಳು. ಮಾಂತ್ರಿಕ ನಗಲಿಲ್ಲ. ಚಿತ್ರದ ಮೆಟ್ಟಿಲ ಬಳಿ ಹಾಳೆಯ ಹೆಂಗಸು ಮುಗ್ಗರಿಸಿದಳು.

“ಅಯ್ಯೋ ತಾಯಿ, ತಡಿ!” ಕೊಡಕ್ಕೆ ಆಸರೆಯಾಗಲು ಅವನ ಎರಡೂ ಕೈಗಳು ತಾವಾಗಿ ಮುಂದೆ ಬಂದವು.

ಅವನು ನಂಬಿಬಿಟ್ಟಿದ್ದ! ಹೀರಿದ ಉಸಿರು ಭುಸ್ಸೆಂದು ಹೊರಬಿತ್ತು. ಮೋಡ ಹರಿದು ಮಾಂತ್ರಿಕ ಕೆಸರಿಗೆ ದಪ್ಪನೆ ಬಿದ್ದ. ಅವನ ಮಾಯೆಯೆಲ್ಲ ಮುಗಿಯಿತು. ಅದೇ ಕ್ಷಣಕ್ಕೆ ಕೊನೆಯ ಎಳೆಯೂ ಕಡಿದು, ತೂಕ ಮರಳಿದ ಗಿರಿಜವ್ವ ಕೆಳಗೆ ಬೀಳತೊಡಗಿದಳು.

ವಾರಿಜೆ ಸೆರಗಿನ ಕಟ್ಟು ಬಿಚ್ಚಿ ಎದ್ದು, ತಾನು ಬರೆದಂತೆಯೇ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ತಾಯಿಯನ್ನು ತೋಳಿನಲ್ಲಿ ಹಿಡಿದಳು.

“ಅವ್ವಾ, ಎಷ್ಟು ಭಾರ ನೀನು!”

“ಈಗ ಗೊತ್ತಾಯಿತಾ? ಇಳಿಸು, ಸೆರಗು ಸರಿಮಾಡಿಕೊಳ್ಳಬೇಕು.”

ದನಗಳು ಹಟ್ಟಿಗೆ ಮರಳಿದವು, ರಾಜ ಸಿಂಹಾಸನಕ್ಕೆ ಮರಳಿದ. ತೂಲಕೇತು ಅರಮನೆಗೆ ನೀರು ಹೊತ್ತು ಬದುಕಿದ. ಅಂದಿನಿಂದ ಶಿಲಾವತಿಯ ಚಿತ್ರಕಾರರು ಒಂದು ಕೊಡ ನೀರು ತಂದಲ್ಲದೆ ಕುಂಚ ಮುಟ್ಟುವುದಿಲ್ಲ. ಎಲ್ಲರೂ ನೆಲದ ಮೇಲೆ ಕಾಲೂರಿ ಸುಖವಾಗಿದ್ದರು.